ಗ್ರಹಗಳು ಹುಟ್ಟುವ ತಟ್ಟೆ: ‘ಪ್ರೋಟೋಪ್ಲಾನೆಟರಿ ಡಿಸ್ಕ್’ ಎಂದರೇನು?

ಖಗೋಳದ ಸುದ್ದಿ ಓದುವವರಿಗೆ ಈ ಹೆಸರು ಆಗಾಗ ಎದುರಾಗುತ್ತದೆ. ಹೆಸರು ಉದ್ದ, ವಿಷಯ ಮಾತ್ರ ಸರಳ. ಆಗಷ್ಟೇ ಹುಟ್ಟಿದ ನಕ್ಷತ್ರದ ಸುತ್ತ ಅನಿಲ ಮತ್ತು ದೂಳು ಚಪ್ಪಟೆಯಾಗಿ ಹರಡಿಕೊಂಡು ತಿರುಗುತ್ತಿರುತ್ತವೆ. ಅದೇ ಪ್ರೋಟೋಪ್ಲಾನೆಟರಿ ಡಿಸ್ಕ್. ‘ಪ್ರೋಟೋ’ ಅಂದರೆ ಗ್ರೀಕ್ ಭಾಷೆಯಲ್ಲಿ ಮೊದಲಿನದು. ಇದು ಗ್ರಹಗಳಿಗೂ ಮೊದಲಿನ ತಟ್ಟೆ. ಗ್ರಹಗಳು ಹುಟ್ಟುವುದು ಇದರೊಳಗೇ.

ಡಿಸ್ಕ್ ಎಂಬುದಕ್ಕೆ ಬಿಲ್ಲೆ ಅನ್ನಬಹುದು, ಚಕ್ರ ಅನ್ನಬಹುದು. ನನಗೆ ತಟ್ಟೆಯೇ ಸರಿ ಅನ್ನಿಸುತ್ತದೆ. ಬಿಲ್ಲೆ ಎಲ್ಲ ಕಡೆಯೂ ಒಂದೇ ದಪ್ಪ ಇರುತ್ತದೆ. ಇದು ಹಾಗಿಲ್ಲ. ನಕ್ಷತ್ರದ ಹತ್ತಿರ ತೆಳ್ಳಗಿರುತ್ತದೆ, ಹೊರಗೆ ಹೋದ ಹಾಗೆಲ್ಲ ಮೇಲಕ್ಕೂ ಕೆಳಕ್ಕೂ ಉಬ್ಬುತ್ತದೆ. ದೂರದಲ್ಲಿ ನಕ್ಷತ್ರದ ಸೆಳೆತ ಸಡಿಲ, ಅದಕ್ಕೇ ಆ ಉಬ್ಬು. ಅಂಚು ಎತ್ತರ ಇರುವ ಎರಡು ತಟ್ಟೆಗಳನ್ನು ಬೆನ್ನಿಗೆ ಬೆನ್ನು ಸೇರಿಸಿ ಇಟ್ಟರೆ ಹೇಗೋ ಹಾಗೆ.

ಆದರೆ ತಟ್ಟೆಯೇ ಯಾಕೆ? ಉಂಡೆ ಯಾಕಲ್ಲ? ಈ ಪದದ ತಿರುಳು ಇರುವುದು ಈ ಪ್ರಶ್ನೆಯಲ್ಲಿ.

ನಕ್ಷತ್ರಗಳು ಹುಟ್ಟುವುದು ತುಂಬಾ ತಣ್ಣಗಿನ ಮೋಡಗಳಲ್ಲಿ. ಅಲ್ಲಿನ ತಾಪಮಾನ ಸುಮಾರು ಮೈನಸ್ 263 ಡಿಗ್ರಿ ಸೆಲ್ಸಿಯಸ್. ಇಂಥ ಮೋಡದ ಒಂದು ಗಂಟು ತನ್ನದೇ ತೂಕಕ್ಕೆ ಒಳಗೊಳಗೆ ಕುಸಿಯತೊಡಗುತ್ತದೆ. ಆ ಗಂಟು ಮೊದಲೇ ಸ್ವಲ್ಪ ತಿರುಗುತ್ತಿರುತ್ತದೆ. ಕಣ್ಣಿಗೆ ಕಾಣದಷ್ಟು ನಿಧಾನ, ಆದರೂ ತಿರುಗುತ್ತಿರುತ್ತದೆ. ತಿರುಗುವ ಕುರ್ಚಿಯಲ್ಲಿ ಕೈ ಚಾಚಿ ಕೂತು, ಸುತ್ತುವಾಗ ಕೈಗಳನ್ನು ಎದೆಗೆ ಎಳೆದುಕೊಂಡು ನೋಡಿ. ವೇಗ ತಟ್ಟನೆ ಹೆಚ್ಚುತ್ತದೆ ಅಲ್ವಾ? ಮೋಡದಲ್ಲೂ ಇದೇ ಆಗುತ್ತದೆ. ಅಲ್ಲಿ ಕುಗ್ಗುವುದು ಮಾತ್ರ ಕೈಯಳತೆಯಷ್ಟಲ್ಲ, ಹತ್ತು ಲಕ್ಷ ಪಟ್ಟಿಗೂ ಜಾಸ್ತಿ. ಆ ತಿರುಗಾಟವನ್ನೆಲ್ಲ ಹೊತ್ತುಕೊಂಡೇ ಒಂದು ಉಂಡೆಯಾಗಲು ಹೋದರೆ ನಕ್ಷತ್ರ ಚೂರುಚೂರಾಗಿ ಹರಿದು ಹೋದೀತು.

ಹಾಗಾಗಿ ಎಲ್ಲವೂ ನೇರವಾಗಿ ನಡುವಿಗೆ ಬೀಳುವುದಿಲ್ಲ. ಮೇಲಿನಿಂದ ಬಂದ ಅನಿಲ ಕೆಳಗಿನಿಂದ ಬಂದ ಅನಿಲಕ್ಕೆ ಡಿಕ್ಕಿ ಹೊಡೆದು, ಆ ದಿಕ್ಕಿನ ಓಟ ಅಲ್ಲಿಗೇ ನಿಲ್ಲುತ್ತದೆ. ಸುತ್ತುವ ಓಟಕ್ಕೆ ಎದುರಾಳಿಯಿಲ್ಲ, ಅದು ಉಳಿದುಕೊಳ್ಳುತ್ತದೆ. ಮೇಲು ಕೆಳಗಿನ ಚಲನೆ ಸತ್ತು ಸುತ್ತುವ ಚಲನೆ ಉಳಿದರೆ ಸಿಗುವ ಆಕಾರ ತಟ್ಟೆಯೇ. ಮುಂದೆ ನಕ್ಷತ್ರ ಬೆಳೆಯುವುದೂ ಇದರ ಮೂಲಕವೇ. ಅನಿಲ ತನ್ನ ತಿರುಗಾಟದ ಪಾಲನ್ನು ಹೊರಗಿನ ಅನಿಲಕ್ಕೆ ದಾಟಿಸುತ್ತದೆ, ಇಲ್ಲವೇ ಮೇಲೆ ಕೆಳಗೆ ಚಿಮ್ಮುವ ಚಿಲುಮೆಗಳಿಗೆ ಕೊಡುತ್ತದೆ. ಹಗುರಾದ ಮೇಲಷ್ಟೇ ನಕ್ಷತ್ರಕ್ಕೆ ಬೀಳುತ್ತದೆ. ನಕ್ಷತ್ರ ಕಟ್ಟಿ ಮುಗಿದ ಮೇಲೆ ಮಿಕ್ಕಿದ ಕಸವೇ ಈ ತಟ್ಟೆ ಎಂದು ಎಷ್ಟೋ ಕಡೆ ಬರೆಯುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ತಟ್ಟೆ ಇಲ್ಲದೆ ಸೂರ್ಯನಂಥ ನಕ್ಷತ್ರವೇ ಕಟ್ಟಿಕೊಳ್ಳುವುದಿಲ್ಲ.

ಇಂಥದ್ದೊಂದು ಇದ್ದಿರಬೇಕು ಎಂಬ ಊಹೆ ಹಳೆಯದು. ನಮ್ಮ ಎಂಟೂ ಗ್ರಹಗಳು ಸೂರ್ಯನನ್ನು ಒಂದೇ ದಿಕ್ಕಿನಲ್ಲಿ, ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸುತ್ತುತ್ತವೆ. ಇದು ಸುಮ್ನೆ ಆಗಿರಲಾರದು. 1755ರಲ್ಲಿ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್, 1796ರಲ್ಲಿ ಗಣಿತಜ್ಞ ಲಾಪ್ಲಾಸ್ ಇದೇ ದಾರಿಯಲ್ಲಿ ಯೋಚಿಸಿದರು. ಸೂರ್ಯನೂ ಗ್ರಹಗಳೂ ಒಂದೇ ಮೋಡದಿಂದ ಬಂದವು ಎಂದರು. ಆದರೆ ಬೇರೆ ನಕ್ಷತ್ರದ ಸುತ್ತ ತಟ್ಟೆಯನ್ನು ತೋರಿಸಲು ಆಗ ಯಾರಿಗೂ ಸಾಧ್ಯವಿರಲಿಲ್ಲ.

ಮೊದಲ ಸುಳಿವು ಬಂದದ್ದು ಬಿಸಿಯಿಂದ. ನಕ್ಷತ್ರದ ಬೆಳಕಿನಿಂದ ದೂಳು ಬೆಚ್ಚಗಾಗಿ ಇನ್‌ಫ್ರಾರೆಡ್ ಎಂಬ, ಕಣ್ಣಿಗೆ ಕಾಣದ ಕಿರಣ ಸೂಸುತ್ತದೆ. ಟಿ ಟೌರಿ ಎಂಬ ಗುಂಪಿನ ನಕ್ಷತ್ರಗಳಿವೆ. ಅವು ಎಳೆಯವು, ಬೆಳಕು ಹೊತ್ತುಗೊತ್ತಿಲ್ಲದೆ ಏರಿಳಿಯುತ್ತದೆ. ಖಗೋಳ ವಿಜ್ಞಾನಿ ಆಲ್ಫ್ರೆಡ್ ಜಾಯ್ ಅವುಗಳನ್ನು ಒಂದು ಗುಂಪಾಗಿ ಗುರುತಿಸಿದ್ದು 1945ರಲ್ಲಿ. ಇವುಗಳ ಇನ್‌ಫ್ರಾರೆಡ್ ಅಳೆದಾಗ ಬರಿಯ ನಕ್ಷತ್ರದಿಂದ ಬರಬೇಕಾದದ್ದಕ್ಕಿಂತ ತುಂಬಾ ಜಾಸ್ತಿ ಇತ್ತು. ಅಂದರೆ ಸುತ್ತಲೂ ಬೇಕಾದಷ್ಟು ದೂಳಿದೆ. ಅಷ್ಟು ದೂಳು ಉಂಡೆಯ ಹಾಗೆ ಸುತ್ತುವರಿದಿದ್ದರೆ ಒಳಗಿನ ನಕ್ಷತ್ರ ನಮಗೆ ಕಾಣಲೇಬಾರದು. ಆದರೆ ಕಾಣುತ್ತಿದೆ! ಹಾಗಾದರೆ ದೂಳು ಚಪ್ಪಟೆಯಾಗಿರಬೇಕು. ಒಂದು ಚಿತ್ರವೂ ಇಲ್ಲದೆ, ಬರೀ ಬೆಳಕಿನ ಲೆಕ್ಕ ಹಾಕಿ ಆಕಾರವನ್ನು ಹಿಡಿದರು. ಇದನ್ನು ಎಷ್ಟು ಸಲ ಓದಿದರೂ ನನಗೆ ಖುಷಿಯಾಗುತ್ತದೆ.

ಚಿತ್ರ ಸಿಕ್ಕಿದ್ದು ಆಮೇಲೆ. 1990ರ ದಶಕದಲ್ಲಿ ಹಬಲ್ ದೂರದರ್ಶಕ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನೀಹಾರಿಕೆಯಲ್ಲಿ ಇವನ್ನು ಕಂಡಿತು. ಹಿಂದೆ ಹೊಳೆಯುವ ಅನಿಲ, ಮುಂದೆ ಕಪ್ಪು ನೆರಳಿನಂಥ ಪುಟ್ಟ ತಟ್ಟೆಗಳು.

ಇನ್ನೂ ಒಳಕ್ಕೆ ಇಣುಕಲು ಬೇರೆ ಕಣ್ಣು ಬೇಕಿತ್ತು. ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ, ಸುಮಾರು 5,000 ಮೀಟರ್ ಎತ್ತರದಲ್ಲಿ, ಆಲ್ಮಾ ಎಂಬ 66 ಆಂಟೆನಾಗಳ ದೂರದರ್ಶಕವಿದೆ. ತಣ್ಣಗಿನ ದೂಳು ಮಿಲಿಮೀಟರ್ ಅಲೆಗಳಲ್ಲಿ ಹೊಳೆಯುತ್ತದೆ, ಆ ಅಲೆಗಳನ್ನು ಗಾಳಿಯಲ್ಲಿರುವ ನೀರಾವಿ ನುಂಗಿಬಿಡುತ್ತದೆ. ಅದಕ್ಕೇ ಅಷ್ಟು ಎತ್ತರ, ಅಷ್ಟು ಒಣ ಜಾಗ. 2014ರ ಕೊನೆಯಲ್ಲಿ ಈ ಆಂಟೆನಾಗಳನ್ನು ಸುಮಾರು 15 ಕಿಲೋಮೀಟರ್‌ವರೆಗೆ ಹರಡಿ ಎಚ್‌ಎಲ್ ಟೌರಿ ಎಂಬ ನಕ್ಷತ್ರವನ್ನು ನೋಡಿದರು. ಆಕಾಶದಲ್ಲಿ ರೋಹಿಣಿ ನಕ್ಷತ್ರದ ಪಕ್ಕದಲ್ಲೇ ಇದರ ಜಾಗ. ಆದರೆ ರೋಹಿಣಿ 65 ಜ್ಯೋತಿರ್ವರ್ಷ ದೂರದಲ್ಲಿದ್ದರೆ ಇದು ಸುಮಾರು 450. ಬರಿಗಣ್ಣಿಗೆ ಕಾಣುವುದಿಲ್ಲ.

ಬಂದ ಚಿತ್ರದಲ್ಲಿ ಉಂಗುರದ ಸುತ್ತ ಉಂಗುರ, ನಡುನಡುವೆ ಕಪ್ಪು ಖಾಲಿ ಪಟ್ಟಿಗಳು. ನಕ್ಷತ್ರದ ವಯಸ್ಸು ಹತ್ತು ಲಕ್ಷ ವರ್ಷಕ್ಕಿಂತ ಹೆಚ್ಚಿಲ್ಲ. ಇಷ್ಟು ಎಳೆಯ ತಟ್ಟೆ ನುಣುಪಾಗಿ, ಒಂದೇ ಸಮ ಇರುತ್ತದೆ ಎಂದುಕೊಂಡಿದ್ದರು. ಬೆಳೆಯುತ್ತಿರುವ ಗ್ರಹಗಳು ತಮ್ಮ ದಾರಿಯನ್ನು ಗುಡಿಸಿಕೊಂಡು ಇಂಥ ಪಟ್ಟಿಗಳನ್ನು ಮಾಡಬಲ್ಲವು. ಹಾಗಿದ್ದರೆ ಗ್ರಹ ಕಟ್ಟುವ ಕೆಲಸ ಎಣಿಸಿದ್ದಕ್ಕಿಂತ ಬೇಗನೆ ಶುರುವಾಗುತ್ತದೆ ಎಂದಾಯಿತು.

ಉಂಗುರಗಳು ಇನ್ನೊಂದು ಹಳೆಯ ತೊಡಕಿಗೂ ದಾರಿ ತೋರಿಸಿದವು. ತಟ್ಟೆಯ ತೂಕದಲ್ಲಿ ಸುಮಾರು 99 ಪಾಲು ಅನಿಲ, 1 ಪಾಲು ದೂಳು. ಆ ದೂಳಿನ ಕಣ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು. ಅದು ಭೂಮಿಯಷ್ಟು ಅಗಲ ಬೆಳೆಯಬೇಕಾದರೆ ಸುಮಾರು ಹತ್ತು ಲಕ್ಷ ಕೋಟಿ ಪಟ್ಟು ಹಿಗ್ಗಬೇಕು. ಮೊದಲ ಹಂತ ಸುಲಭ, ಕಣಗಳು ಮೆಲ್ಲಗೆ ತಾಗಿ ಅಂಟಿಕೊಳ್ಳುತ್ತವೆ. ತೊಂದರೆ ಬರುವುದು ಮೀಟರ್ ಗಾತ್ರ ಬಂದಾಗ. ಅನಿಲಕ್ಕೆ ಒಳಗಿನ ಒತ್ತಡದ ಆಸರೆ ಇದೆ, ಹಾಗಾಗಿ ಅದು ಬಂಡೆಗಳಿಗಿಂತ ಸ್ವಲ್ಪ ನಿಧಾನ ಸುತ್ತುತ್ತದೆ. ಬಂಡೆಗೆ ಸದಾ ಎದುರು ಗಾಳಿ. ವೇಗ ಕಳೆದುಕೊಂಡು ಸುತ್ತುತ್ತ ಸುತ್ತುತ್ತ ಒಳಗೆ ಜಾರುತ್ತದೆ. ಸೂರ್ಯನಿಂದ ಭೂಮಿ ಇರುವಷ್ಟು ದೂರದಲ್ಲಿ ಮೀಟರ್ ಗಾತ್ರದ ಬಂಡೆಯೊಂದು ಕೆಲವು ನೂರು ವರ್ಷಗಳಲ್ಲೇ ನಕ್ಷತ್ರಕ್ಕೆ ಬಿದ್ದು ಬೂದಿಯಾಗುತ್ತದೆ ಎಂದು ಲೆಕ್ಕ ಹೇಳುತ್ತದೆ. ಹಾಗಾದರೆ ಭೂಮಿ ಹೇಗೆ ಉಳಿಯಿತು? ಅನಿಲದ ಒತ್ತಡ ಅಲ್ಲಲ್ಲಿ ದಿಬ್ಬದಂತೆ ಏರಿದ್ದರೆ ಜಾರುವ ದೂಳು ಅಲ್ಲಿ ತಡೆದು ನಿಲ್ಲುತ್ತದೆ, ಒಟ್ಟುಗೂಡುತ್ತದೆ. ಹೊಳೆಯುವ ಉಂಗುರಗಳು ಅಂಥ ತಂಗುದಾಣಗಳು ಎಂದು ಈಗ ಅನೇಕರು ನಂಬುತ್ತಾರೆ.

ಇದೆಲ್ಲ ಆಗಲು ಸಮಯವೂ ಕಡಿಮೆ. ಸುಮಾರು 30 ಲಕ್ಷ ವರ್ಷ ಕಳೆಯುವಷ್ಟರಲ್ಲಿ ಅರ್ಧದಷ್ಟು ನಕ್ಷತ್ರಗಳು ತಟ್ಟೆ ಕಳೆದುಕೊಂಡಿರುತ್ತವೆ. ಒಂದು ಕೋಟಿ ವರ್ಷ ಉಳಿಯುವುದು ಅಪರೂಪ. ಸೂರ್ಯನಂಥ ನಕ್ಷತ್ರದ ಆಯಸ್ಸು ಸುಮಾರು ಸಾವಿರ ಕೋಟಿ ವರ್ಷ. ಅದನ್ನು ಎಂಬತ್ತು ವರ್ಷದ ಬದುಕು ಎಂದುಕೊಂಡರೆ 30 ಲಕ್ಷ ವರ್ಷ ಮೊದಲ ಒಂಬತ್ತು ದಿನ ಅಷ್ಟೇ. ಗುರುವಿನಂಥ ಅನಿಲದ ಗ್ರಹ ಅಷ್ಟರೊಳಗೆ ಹೊಟ್ಟೆ ತುಂಬಿಸಿಕೊಳ್ಳಬೇಕು. ಆಮೇಲೆ ಅನಿಲವೇ ಇರುವುದಿಲ್ಲ.

ಪದಗಳ ಗೊಂದಲದ ಬಗ್ಗೆ ಒಂದು ಮಾತು. ಡೆಬ್ರಿ ಡಿಸ್ಕ್ ಬೇರೆ. ಅದು ಅನಿಲ ಹೋದ ಮೇಲೆ ದೊಡ್ಡ ಬಂಡೆಗಳು ಒಂದಕ್ಕೊಂದು ಬಡಿದು ಎದ್ದ ದೂಳು. ಪ್ಲಾನೆಟರಿ ನೆಬ್ಯುಲಾ ಅಂತೂ ಪೂರ್ತಿ ಬೇರೆ, ಅದು ಮುದಿ ನಕ್ಷತ್ರ ಕಳಚಿದ ಹೊರಪದರ. ಹೆಸರಲ್ಲಿ ಪ್ಲಾನೆಟ್ ಇದ್ದರೂ ಗ್ರಹಕ್ಕೂ ಅದಕ್ಕೂ ಸಂಬಂಧವಿಲ್ಲ.

ತಟ್ಟೆಯೊಳಗೆ ಗ್ರಹವನ್ನು ನೇರವಾಗಿ ಕಂಡದ್ದೂ ಉಂಟು. ಸುಮಾರು 370 ಜ್ಯೋತಿರ್ವರ್ಷ ದೂರದ ಪಿಡಿಎಸ್ 70 ಎಂಬ ನಕ್ಷತ್ರದ ತಟ್ಟೆಯಲ್ಲಿ ದೊಡ್ಡ ಖಾಲಿ ಜಾಗವಿದೆ. ಅಲ್ಲಿ 2018ರಲ್ಲಿ ಒಂದು ಗ್ರಹ, 2019ರಲ್ಲಿ ಇನ್ನೊಂದು ಸಿಕ್ಕಿತು. 2021ರಲ್ಲಿ ಆಲ್ಮಾ ಆ ಎರಡನೆಯ ಗ್ರಹವನ್ನು ಗಮನವಿಟ್ಟು ನೋಡಿದಾಗ ಅದರ ಸುತ್ತಲೂ ಒಂದು ಪುಟ್ಟ ತಟ್ಟೆ ಕಂಡಿತು. ಅದರ ಅಗಲ ಸೂರ್ಯನಿಗೂ ಭೂಮಿಗೂ ಇರುವ ದೂರದಷ್ಟು. ನಮ್ಮ ಚಂದ್ರನಂಥ ಮೂರು ಚಂದ್ರರನ್ನು ಮಾಡುವಷ್ಟು ಸರಕು ಅದರಲ್ಲಿದೆ.