ಮೂಲೆಯ ನಕ್ಷತ್ರವೂ ಚುಕ್ಕಿಯಾಗಿರಲಿ

ಕಳೆದ ಚಳಿಗಾಲದಲ್ಲಿ ನನ್ನಲ್ಲಿ ಕಲಿಯುವ ಹುಡುಗನೊಬ್ಬ ಕೃತ್ತಿಕೆಯ ಫೋಟೋ ತಂದು ತೋರಿಸಿದ. 80 ಮಿ.ಮೀ. ಅಗಲದ, ಎಫ್/6ರ ಹೊಸ ರಿಫ್ರಾಕ್ಟರ್‌ನಲ್ಲಿ, ಅಂದರೆ ಲೆನ್ಸ್ ಇರುವ ಟೆಲಿಸ್ಕೋಪಿನಲ್ಲಿ, ತೆಗೆದದ್ದು. ನಡುವಿನ ನಕ್ಷತ್ರಗಳು ಸೂಜಿಮೊನೆಯಷ್ಟು ಚೂಪಾಗಿದ್ದವು. ನಾಲ್ಕು ಮೂಲೆಗಳಲ್ಲಿ ಮಾತ್ರ ಎಳೆದ ಹಾಗೆ ಉದ್ದವಾಗಿದ್ದವು. "ಸರ್, ಲೆನ್ಸ್ ಸರಿ ಇಲ್ಲ ಅನ್ಸುತ್ತೆ, ವಾಪಸ್ ಕೊಟ್ಬಿಡ್ಲಾ?" ಎಂದ. ಲೆನ್ಸ್ ಚೆನ್ನಾಗಿಯೇ ಇತ್ತು. ಅವನ ಬಳಿ ಫೀಲ್ಡ್ ಫ್ಲ್ಯಾಟನರ್, ಅಂದರೆ ಬಾಗಿದ ಬಿಂಬವನ್ನು ಚಪ್ಪಟೆ ಮಾಡಲು ಕ್ಯಾಮೆರಾದ ಮುಂದೆ ಹಾಕುವ ಗಾಜು, ಇರಲಿಲ್ಲ. "ಅದನ್ನ ಆಮೇಲೆ ತಗೊಂಡ್ರೆ ಆಯ್ತು" ಎಂದು ಕೊಂಡ ಕಡೆ ಹೇಳಿದ್ದರಂತೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಫೋಟೋಗೆಂದು ರಿಫ್ರಾಕ್ಟರ್ ಕೊಳ್ಳುವವರು ಎರಡನ್ನೂ ಜೋಡಿಯಾಗಿಯೇ ಆರಿಸಬೇಕು.

ಲೆನ್ಸ್ ನಕ್ಷತ್ರಗಳ ಬಿಂಬವನ್ನು ಚಪ್ಪಟೆಯಾಗಿ ಮೂಡಿಸುವುದಿಲ್ಲ. ಬಟ್ಟಲಿನ ಒಳಮೈಯಂತೆ ಬಾಗಿಸಿ ಮೂಡಿಸುತ್ತದೆ. ಮೇಜಿನ ಮೇಲೆ ಬಟ್ಟಲಿಟ್ಟರೆ ತಳ ಮಾತ್ರ ತಾಗುತ್ತದೆ, ಅಂಚು ಮೇಲೆದ್ದಿರುತ್ತದೆ ಅಲ್ವಾ? ಆ ಮೇಜೇ ನಿಮ್ಮ ಕ್ಯಾಮೆರಾದ ಸೆನ್ಸರ್. ನಡುವೆ ಫೋಕಸ್ ಕೂತರೆ ಮೂಲೆಯಲ್ಲಿ ತಪ್ಪುತ್ತದೆ. ಮೂಲೆಗೆ ಕೂರಿಸಿದರೆ ನಡು ಮಸುಕಾಗುತ್ತದೆ.

ಎರಡು ಗಾಜಿನ ರಿಫ್ರಾಕ್ಟರ್‌ನಲ್ಲಿ ಈ ಬಟ್ಟಲಿನ ತ್ರಿಜ್ಯ ಸುಮಾರಾಗಿ ಫೋಕಲ್ ಲೆಂತ್‌ನ ಮೂರನೇ ಒಂದು ಭಾಗ. ಹುಡುಗನ ಟೆಲಿಸ್ಕೋಪಿನದು ಅಗಲದ ಆರು ಪಟ್ಟು (ಎಫ್/6 ಎಂದರೆ ಇದೇ), 480 ಮಿ.ಮೀ. ಅಂದರೆ ತ್ರಿಜ್ಯ 160ರ ಆಸುಪಾಸು. ಎಪಿಎಸ್-ಸಿ (ಸಾಮಾನ್ಯ ಡಿಎಸ್‌ಎಲ್‌ಆರ್‌ಗಳಲ್ಲಿರುವ ಅಳತೆಯ) ಸೆನ್ಸರ್‌ನ ಮೂಲೆ ನಡುವಿನಿಂದ 14 ಮಿ.ಮೀ. ದೂರ. ಲೆಕ್ಕ ಹಾಕಿದರೆ ಅಲ್ಲಿ ಬಿಂಬ ಅರ್ಧ ಮಿಲಿಮೀಟರಿಗಿಂತ ಜಾಸ್ತಿ ಮೇಲೆದ್ದಿರುತ್ತದೆ. ಎಫ್/6ರಲ್ಲಿ ಫೋಕಸ್ ಸಹಿಸುವ ತಪ್ಪು ಆಚೀಚೆ 0.04 ಮಿ.ಮೀ. ಮಾತ್ರ! ಅದಕ್ಕಿಂತ ದೊಡ್ಡದಾದ ಫುಲ್ ಫ್ರೇಮ್ ಸೆನ್ಸರ್‌ನಲ್ಲಿ ಮೂಲೆ ಇನ್ನೂ ದೂರ, ತೊಂದರೆ ಎರಡು ಪಟ್ಟು ಮೀರುತ್ತದೆ. ಕಣ್ಣಿಟ್ಟು ನೋಡುವಾಗ ಇದು ಅಷ್ಟಾಗಿ ಕಾಡುವುದಿಲ್ಲ. ನೋಡಬೇಕಾದದ್ದನ್ನು ನಾವು ನಡುವಿಗೆ ತಂದುಕೊಳ್ಳುತ್ತೇವಲ್ಲ.

ಇನ್ನು ಗಾಜಿನ ಮಾತು. ಸಾಧಾರಣ ಗಾಜುಗಳ ಜೋಡಿಯಾದ ಆಕ್ರೋಮ್ಯಾಟ್ ಲೆನ್ಸ್ ಫೋಟೋಗೆ ಬೇಡ. ಕೃತ್ತಿಕೆಯಂಥ ನೀಲಿ ನಕ್ಷತ್ರಗಳ ಸುತ್ತ ಅದು ನೇರಳೆ ಬಳೆ ತೊಡಿಸುತ್ತದೆ. ಬಣ್ಣಗಳನ್ನು ಕಡಿಮೆ ಚೆದುರಿಸುವ ಇಡಿ ಗಾಜಿನ ಡಬ್ಲೆಟ್‌ನಿಂದ (ಎರಡು ಗಾಜಿನ ಲೆನ್ಸ್) ಶುರು ಮಾಡಿ. ಹಣ ಇದ್ದರೆ ಮೂರು ಗಾಜಿನ ಟ್ರಿಪ್ಲೆಟ್. ಸುಮ್ನೆ ಎಫ್‌ಪಿಎಲ್-53 ಎಂಬ ಇಡಿ ಗಾಜಿನ ಹೆಸರೊಂದನ್ನೇ ನೋಡಿ ಕೊಳ್ಳಬೇಡಿ. ಅದರ ಜೊತೆ ಕೂತಿರುವ ಇನ್ನೊಂದು ಗಾಜು ಯಾವುದು, ಎಷ್ಟು ಚೆನ್ನಾಗಿ ಉಜ್ಜಿದ್ದಾರೆ ಅನ್ನುವುದೂ ಅಷ್ಟೇ ಮುಖ್ಯ.

ಫ್ಲ್ಯಾಟನರ್‌ನಲ್ಲಿ ಎರಡು ಬಗೆ. ಒಂದು ಬರೀ ಚಪ್ಪಟೆ ಮಾಡುತ್ತದೆ. ಇನ್ನೊಂದು, ರಿಡ್ಯೂಸರ್, ಚಿತ್ರವನ್ನು ಕಿರಿದೂ ಮಾಡುತ್ತದೆ. 0.8ರ ರಿಡ್ಯೂಸರ್ ಹಾಕಿದರೆ 480 ಮಿ.ಮೀ. 384 ಆಗುತ್ತದೆ, ಎಫ್/6 ಎಫ್/4.8 ಆಗುತ್ತದೆ. ಎಪಿಎಸ್-ಸಿ ಸೆನ್ಸರ್‌ನ ಉದ್ದ ಬದಿಗೆ 2.8 ಡಿಗ್ರಿ ಸಿಗುತ್ತಿದ್ದ ಆಕಾಶ 3.5 ಆಗುತ್ತದೆ. ದೇವಯಾನಿ ಗೆಲಾಕ್ಸಿಯ ಉದ್ದ ಸುಮಾರು 3 ಡಿಗ್ರಿ. ಆ ವ್ಯತ್ಯಾಸಕ್ಕೆ ಎಷ್ಟು ಬೆಲೆಯಿದೆ ಎಂದು ಅದರ ಫೋಟೋ ತೆಗೆದವರಿಗೆ ಗೊತ್ತು. ನನ್ನನ್ನು ಕೇಳಿದರೆ ಮೊದಲ ಆಯ್ಕೆ ರಿಡ್ಯೂಸರ್ರೇ. ಆದರೆ ಯಾವುದೇ ಆಗಲಿ, ನಿಮ್ಮ ಟೆಲಿಸ್ಕೋಪಿಗೆಂದೇ ಮಾಡಿದ್ದು ಸಿಕ್ಕರೆ ಅದನ್ನೇ ಕೊಳ್ಳಿ. 'ಎಲ್ಲದಕ್ಕೂ ಆಗುತ್ತದೆ' ಎಂದು ಮಾರುವ ಫ್ಲ್ಯಾಟನರ್‌ಗಳಿಗೆ ನಿಮ್ಮ ಬಟ್ಟಲಿನ ಬಾಗು ಎಷ್ಟೆಂದು ಗೊತ್ತಿರುವುದಿಲ್ಲ.

ಆಮೇಲೆ ದೂರ. ಎಲ್ಲರೂ ಎಡವುವುದು ಇಲ್ಲೇ. ಫ್ಲ್ಯಾಟನರ್‌ನಿಂದ ಸೆನ್ಸರ್‌ವರೆಗೆ ಇಷ್ಟೇ ದೂರ ಇರಬೇಕು ಎಂದು ತಯಾರಕರು ಹೇಳಿರುತ್ತಾರೆ. ಬಹಳಷ್ಟಕ್ಕೆ ಅದು 55 ಮಿ.ಮೀ. ಕ್ಯಾನನ್ ಡಿಎಸ್‌ಎಲ್‌ಆರ್‌ನೊಳಗೆ 44 ಮಿ.ಮೀ. ಆಗಲೇ ಇದೆ, ಕ್ಯಾಮೆರಾವನ್ನು ಟೆಲಿಸ್ಕೋಪಿಗೆ ಜೋಡಿಸುವ ಟಿ-ರಿಂಗ್ 11 ಸೇರಿಸಿದರೆ ಲೆಕ್ಕ ಸರಿಹೋಯಿತು. ಖಗೋಳ ಕ್ಯಾಮೆರಾಗಳಲ್ಲಿ ಈ ಒಳದೂರ ಬೇರೆ. 17.5 ಇದ್ದರೆ ಉಳಿದ 37.5ನ್ನು ಸ್ಪೇಸರ್ ಬಳೆಗಳಿಂದ ತುಂಬಬೇಕು. ಮಧ್ಯೆ 2 ಮಿ.ಮೀ. ದಪ್ಪದ ಫಿಲ್ಟರ್ ಇದ್ದರೆ ಅದರ ಮೂರನೇ ಒಂದು ಭಾಗ, ಅಂದರೆ ಸುಮಾರು 0.7 ಮಿ.ಮೀ. ದೂರ ಜಾಸ್ತಿ ಬೇಕು. ನಾನು ಯಾವಾಗಲೂ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯುತ್ತೇನೆ. ಬಳೆಯ ಮೇಲೆ ಬರೆದ ಅಂಕಿಯನ್ನು ನಂಬಿ ಒಂದಿಡೀ ರಾತ್ರಿ ಕಳೆದುಕೊಂಡ ಮೇಲೆ ಬಂದ ಅಭ್ಯಾಸ ಅದು.

ಈ ದೂರದ ರಗಳೆಯೇ ಬೇಡ ಎನ್ನುವವರಿಗೆ ಪೆಟ್ಜ್‌ವಾಲ್ ಮಾದರಿಯ ರಿಫ್ರಾಕ್ಟರ್ ಇದೆ. ಚಪ್ಪಟೆ ಮಾಡುವ ಗಾಜು ಕೊಳವೆಯೊಳಗೇ ಕೂತಿರುತ್ತದೆ. ವಿಲಿಯಂ ಆಪ್ಟಿಕ್ಸ್‌ನ ರೆಡ್‌ಕ್ಯಾಟ್ 51 ಈ ಜಾತಿಯದು, 250 ಮಿ.ಮೀ., ಎಫ್/4.9. ಮೊದಲ ಸಲ ಕೊಳ್ಳುವವರಿಗೆ ನಾನು ಇಂಥದ್ದನ್ನು ಧೈರ್ಯವಾಗಿ ಹೇಳುತ್ತೇನೆ. ಸಣ್ಣದು, ಹಗುರ, ಆಕಾಶದ ಜೊತೆ ಟೆಲಿಸ್ಕೋಪನ್ನು ತಿರುಗಿಸುವ ಮೌಂಟ್‌ಗೂ ಭಾರವಾಗುವುದಿಲ್ಲ. ನಮ್ಮಲ್ಲಿ ಇನ್ನೊಂದು ಲಾಭವಿದೆ. ಬೆಂಗಳೂರಿನಲ್ಲಿ ಧ್ರುವನಕ್ಷತ್ರ ಬರೀ 13 ಡಿಗ್ರಿ ಎತ್ತರದಲ್ಲಿ, ಮರ ಮನೆಗಳ ಹಿಂದೆ ಅಡಗಿರುತ್ತದೆ. ಹಾಗಾಗಿ ಮೌಂಟ್ ಅನ್ನು ಅದಕ್ಕೆ ನೇರವಾಗಿ ಹೊಂದಿಸುವುದು ಕಷ್ಟ. ಫೋಕಲ್ ಲೆಂತ್ ಕಡಿಮೆಯಿದ್ದರೆ ಅಲ್ಲಿ ಆದ ಸಣ್ಣ ತಪ್ಪು ಫೋಟೋದಲ್ಲಿ ಅಷ್ಟಾಗಿ ಎದ್ದು ಕಾಣುವುದಿಲ್ಲ.

ಹುಡುಗ ಫ್ಲ್ಯಾಟನರ್ ತರಿಸಿಕೊಂಡ. ಒಂದು ಫ್ರೇಮ್ ತೆಗೆದು ಮೂಲೆಗಳನ್ನು ದೊಡ್ಡದು ಮಾಡಿ ನೋಡಲು ಹೇಳಿದೆ. ನಕ್ಷತ್ರಗಳು ನಡುವಿನಿಂದ ಹೊರಕ್ಕೆ ಚಕ್ರದ ಕಡ್ಡಿಗಳಂತೆ ಎಳೆದಿದ್ದರೆ ಸಾಮಾನ್ಯವಾಗಿ ಸೆನ್ಸರ್ ತೀರಾ ಹತ್ತಿರವಿದೆ ಎಂದರ್ಥ. ನಡುವಿನ ಸುತ್ತ ಬಳೆಯ ತುಂಡುಗಳಂತೆ ಬಾಗಿದ್ದರೆ ದೂರವಾಗಿದೆ. ಅವನದು ಕಡ್ಡಿಗಳಂತೆ ಇತ್ತು. ಅರ್ಧ ಮಿಲಿಮೀಟರಿನ ಒಂದು ಬಳೆ ಸೇರಿಸಿದ, ಮೂರು ಮೂಲೆ ಸರಿಯಾದವು. ನಾಲ್ಕನೆಯದು ಮಾತ್ರ ಹಟ ಹಿಡಿಯಿತು. ಒಂದೇ ಮೂಲೆ ಕೆಟ್ಟಿದ್ದರೆ ತಪ್ಪು ದೂರದಲ್ಲಿಲ್ಲ, ಕ್ಯಾಮೆರಾ ಓರೆಯಾಗಿ ಕೂತಿದೆ. ಬಳೆಗಳನ್ನು ಮುಟ್ಟದೆ ಕ್ಯಾಮೆರಾ ಹಿಡಿದಿರುವ ಫೋಕಸರ್‌ನ ಸ್ಕ್ರೂ ನೋಡು ಎಂದೆ. ಒಂದು ಸಡಿಲವಾಗಿತ್ತು.