ಮಾರಾಟವಾದ ಮನೆ, ಒಕ್ಕಲಾದ ಮನೆ

ಮಂಗಳೂರು, ಉಡುಪಿಗಳ ಪೀಠೋಪಕರಣ ಮಳಿಗೆಗಳಿಗೆ ದಾಸ್ತಾನಿನ ಲೆಕ್ಕಾಚಾರದಲ್ಲಿ ಸಲಹೆ ನೀಡುವ ನನ್ನನ್ನು ಮಾಲೀಕರು ಹೆಚ್ಚಾಗಿ ಕೇಳುವುದು, ಇಷ್ಟೊಂದು ಫ್ಲ್ಯಾಟುಗಳು ಮಾರಾಟವಾಗುತ್ತಿದ್ದರೂ ಮಂಚ, ಸೋಫಾಗಳ ವ್ಯಾಪಾರ ಅದೇ ವೇಗದಲ್ಲಿ ಏಕೆ ಏರುತ್ತಿಲ್ಲ ಎಂದು. ಮನೆ ಮಾರಾಟವಾದ ದಿನ ಯಾರೂ ಮಂಚ ಕೊಳ್ಳುವುದಿಲ್ಲ. ಒಕ್ಕಲಾಗುವ ದಿನ ಹತ್ತಿರವಾದಾಗ ಕೊಳ್ಳುತ್ತಾರೆ.

ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ವಸತಿ ಯೋಜನೆಯೊಂದು ನೋಂದಣಿಯಾದರೆ ಅದರ ಬೇಡಿಕೆ ಅಂಗಡಿಗೆ ಬರಲು ಇನ್ನೂ ಕೆಲವು ವರ್ಷಗಳಿವೆ. ಉಪನೋಂದಣಿ ಕಚೇರಿಯ ಅಂಕಿಗಳು ಇದಕ್ಕಿಂತ ಹತ್ತಿರದವಾದರೂ ಅವುಗಳಲ್ಲಿ ಹಳೆಯ ಮನೆಗಳ ಕೈಬದಲು, ಬರಿಯ ನಿವೇಶನಗಳ ಕ್ರಯ ಎಲ್ಲವೂ ಬೆರೆತಿರುತ್ತವೆ. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿತು, ಇಂಥ ಏರಿಕೆಯ ಮುನ್ನಾದಿನಗಳಲ್ಲಿ ಕಾಣುವ ನೂಕುನುಗ್ಗಲನ್ನು ನಂಬಿ ಸರಕು ತರಿಸುವುದು ಅಪಾಯಕರ.

ನಾನು ಹೆಚ್ಚು ನೆಚ್ಚುವುದು, ಮುಗಿದ ಕಟ್ಟಡ ವಾಸಕ್ಕೆ ಯೋಗ್ಯವೆಂದು ಸ್ಥಳೀಯ ಸಂಸ್ಥೆ ನೀಡುವ ಸ್ವಾಧೀನಾನುಭವ ಪತ್ರ ಮತ್ತು ಇಲ್ಲಿನ ವಿದ್ಯುತ್ ಸರಬರಾಜು ಕಂಪನಿ ಮೆಸ್ಕಾಂನ ಹೊಸ ಗೃಹಬಳಕೆ ಸಂಪರ್ಕ, ಈ ಎರಡನ್ನು. ಆದರೆ ಕರಾವಳಿಯಲ್ಲಿ ಇವೂ ಪೂರ್ಣ ಸತ್ಯ ಹೇಳುವುದಿಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರು ಕೊಂಡ ಎಷ್ಟೋ ಫ್ಲ್ಯಾಟುಗಳಲ್ಲಿ ಮೀಟರ್ ಇರುತ್ತದೆ, ಬಾಗಿಲಿಗೆ ಬೀಗವೂ ಇರುತ್ತದೆ. ಅಂಥ ಮನೆಗೆ ಅಡುಗೆಮನೆಯ ಕಪಾಟು, ಗೋಡೆಗೆ ಹೊಂದಿಸಿದ ವಾರ್ಡ್‌ರೋಬ್ ಆದರೆ ಹೆಚ್ಚು. ಉಳಿದದ್ದು ಮಾಲೀಕರು ಊರಿಗೆ ಬಂದಾಗ. ಮಣಿಪಾಲದ ಕತೆ ಬೇರೆ. ಅಲ್ಲಿ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಹೋಗುವ ಫ್ಲ್ಯಾಟು ಒಂಟಿ ಮಂಚ, ಓದುವ ಮೇಜುಗಳನ್ನು ಕಡಿಮೆ ಬೆಲೆಗೆ ಕೇಳುತ್ತದೆ, ಆದರೆ ಅವು ಬೇಗ ಸವೆಯುವುದರಿಂದ ಮತ್ತೆ ಮತ್ತೆ ಕೇಳುತ್ತದೆ. ಒಂದೇ ಸಂಖ್ಯೆಯ ಮನೆಗಳಿಂದ ಸುರತ್ಕಲ್ಲಿನಲ್ಲೂ ಮಣಿಪಾಲದಲ್ಲೂ ಒಂದೇ ವ್ಯಾಪಾರವನ್ನು ನಿರೀಕ್ಷಿಸಲಾಗದು.

ಬಡ್ಡಿದರದ ವಿಷಯದಲ್ಲೂ ಅವಸರದ ತೀರ್ಮಾನಗಳಿವೆ. 2025ರಲ್ಲಿ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೋ ದರವನ್ನು ಶೇ. 6.50ರಿಂದ ಹಂತಹಂತವಾಗಿ ಶೇ. 5.25ಕ್ಕೆ ಇಳಿಸಿತು. 20 ವರ್ಷಗಳ 50 ಲಕ್ಷ ರೂಪಾಯಿ ಸಾಲದ ಬಡ್ಡಿ ಶೇ. 8.5ರ ಬದಲು ಶೇ. 7.5 ಆದರೆ ತಿಂಗಳ ಕಂತು ಸುಮಾರು 43,400ರಿಂದ 40,300 ರೂಪಾಯಿಗೆ ಇಳಿಯುತ್ತದೆ. ಹೊಸ ಸಾಲಗಾರನಿಗೆ ಇದು ನಿಜವಾದ ಉಳಿತಾಯ. ಹಳೆಯ ಸಾಲಗಳಲ್ಲಿ ಬ್ಯಾಂಕುಗಳು ಸಾಮಾನ್ಯವಾಗಿ ಕಂತನ್ನು ಹಾಗೆಯೇ ಇಟ್ಟು ಅವಧಿಯನ್ನು ಮೊಟಕುಗೊಳಿಸುವುದರಿಂದ, ಹಳೆಯ ಸೋಫಾ ಬದಲಿಸುವ ಹಣ ಆ ಮನೆಯವರ ಕೈಗೆ ಕೂಡಲೇ ಸಿಗುವುದಿಲ್ಲ. ಮನೆಯ ಬೆಲೆಯೇ ಏರಿದರೆ, ಮುಂಗಡಕ್ಕೆ ಉಳಿತಾಯವನ್ನೆಲ್ಲ ಸುರಿದವರು ಊಟದ ಮೇಜನ್ನು ಮುಂದಿನ ವರ್ಷಕ್ಕೆ ತಳ್ಳುತ್ತಾರೆ.

ಇವೆಲ್ಲದರ ಮೇಲೆ ನಮ್ಮ ಪಂಚಾಂಗ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಟಿ ತಿಂಗಳಲ್ಲಿ ಇಲ್ಲಿ ಗೃಹಪ್ರವೇಶಗಳು ನಡೆಯುವುದು ವಿರಳ. ಆದ್ದರಿಂದ ಮೇ, ಜೂನ್‌ಗಳಲ್ಲಿ ಸ್ವಾಧೀನಾನುಭವ ಪತ್ರ ದೊರೆತ ಕಟ್ಟಡದ ಲೆಕ್ಕ ಹಿಡಿದು ಜುಲೈಯಲ್ಲೇ ಗೋದಾಮು ತುಂಬಿಸಿದರೆ, ಸರಕು ಮಾರಾಟವಾಗುವ ಮೊದಲು ಕರಾವಳಿಯ ತೇವವನ್ನು ಹೀರಿ ಉಬ್ಬುವ ಸಂಭವವೇ ಹೆಚ್ಚು. ಆ ಅವಧಿಯಲ್ಲಿ ಬಡಗಿಗಳನ್ನು ವಾರ್ಡ್‌ರೋಬ್ ಕೆಲಸಗಳಿಗೆ ತೊಡಗಿಸಿ, ಬಿಡಿ ಪೀಠೋಪಕರಣಗಳು ಚೌತಿಯ ಹೊತ್ತಿಗೆ ಅಂಗಡಿ ಸೇರುವಂತೆ ಆರ್ಡರ್ ಕೊಡಿ ಎಂದು ನಾನು ಮಾಲೀಕರಿಗೆ ಹೇಳುತ್ತೇನೆ.