ನಮ್ಮ ಕರಿಯ ಲ್ಯಾಬ್ (ಲ್ಯಾಬ್ರಡಾರ್) ಕ್ರಾಸಾ?

ಕರಿಯ ನಮಗೆ ಸಿಕ್ಕಿದ್ದು ಮೂಡಿಗೆರೆ ರಸ್ತೆಯ ಒಂದು ಮೋರಿ ಹತ್ತಿರ, ಜೋರು ಮಳೆಯಲ್ಲಿ. ಆಗ ಸುಮಾರು ನಾಲ್ಕು ತಿಂಗಳ ನಾಯಿಮರಿ. ಮೈಯೆಲ್ಲ ಕಪ್ಪು, ಜೋಲು ಕಿವಿ, ಅಗಲ ತಲೆ. ಪಕ್ಕದ ತೋಟದಲ್ಲಿ ಲೆಕ್ಕ ಬರೆಯೋ ರೈಟರ್ ನೋಡಿದವರೇ "ಅಕ್ಕಾ, ಇದು ಲ್ಯಾಬ್ ಕ್ರಾಸು. ಚೆಂಡು ಎಸೀರಿ, ತಂದುಕೊಡ್ತಾನೆ" ಅಂದರು. ಎಸೆದೆ. ಕರಿಯ ಚೆಂಡು ಹೋದ ಕಡೆ ನೋಡಿದ, ಆಮೇಲೆ ನನ್ನ ಮುಖ ನೋಡಿದ, ಕಾಫಿ ಗಿಡದ ಬುಡ ಮೂಸುತ್ತಾ ಹೊರಟೇಬಿಟ್ಟ.

ನಾಯಿಗೆ ಕಪ್ಪು ಬಣ್ಣ ಬರೋಕೆ ಎಷ್ಟೋ ಸಲ ಒಂದೇ ಜೀನ್‌ನಲ್ಲಿ ಸಣ್ಣ ಬದಲಾವಣೆ ಸಾಕು, ಅದು ತಾಯಿ ಕಡೆಯಿಂದ ಬಂದರೂ ಆಯ್ತು, ತಂದೆ ಕಡೆಯಿಂದ ಬಂದರೂ ಆಯ್ತು. ಗುಣದ ಲೆಕ್ಕ ಬೇರೆ. ಹೆದರಿಕೆ, ಸಲಿಗೆ, ಆಟದ ಹುಚ್ಚು, ಒಂದೊಂದರ ಹಿಂದೆಯೂ ಎಷ್ಟೋ ಜೀನ್‌ಗಳಿವೆ, ಪ್ರತಿಯೊಂದರದ್ದೂ ಚೂರೇ ಚೂರು ಪಾಲು. ಜೀನ್‌ಗಳನ್ನ ಹೊತ್ತ ಎಳೆಗಳು, ಅಂದ್ರೆ ಕ್ರೋಮೋಸೋಮ್, ನಾಯಿಗೆ 39 ಜೊತೆ. ಪ್ರತಿ ತಲೆಮಾರಿನಲ್ಲೂ ಇವನ್ನ ಇಸ್ಪೀಟ್ ಎಲೆ ಹಾಗೆ ಹೊಸದಾಗಿ ಕಲಸಿ ಹಂಚಿದಂತಾಗುತ್ತೆ. ಅಜ್ಜ ಲ್ಯಾಬ್ ಆಗಿದ್ದರೂ ಮೊಮ್ಮಗನಿಗೆ ಬಣ್ಣ ಬಂದು ಚೆಂಡಿನ ಹುಚ್ಚು ಬರದೇ ಇರಬಹುದು. ಅಲ್ಲದೆ ನಮ್ಮ ನಾಟಿ ನಾಯಿಗಳಲ್ಲೇ ಕಪ್ಪು ಬೇಕಾದಷ್ಟಿವೆ, ಅಲ್ವಾ?

ಅಮೆರಿಕದ ವಿಜ್ಞಾನಿಗಳು 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಸಾಕಿದವರನ್ನೇ ಕೇಳಿ, 2,155 ನಾಯಿಗಳ ಡಿಎನ್‌ಎ ಓದಿ, 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಒಂದು ನಾಯಿಗೂ ಇನ್ನೊಂದಕ್ಕೂ ಗುಣದಲ್ಲಿ ಇರೋ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು 9% ಮಾತ್ರ. ಹೇಳಿದ ಮಾತು ಕೇಳೋದರಲ್ಲಿ ತಳಿ ಸ್ವಲ್ಪ ಜಾಸ್ತಿ ಲೆಕ್ಕಕ್ಕೆ ಬರುತ್ತೆ, ಬೇಗ ಕೆರಳೋದರಲ್ಲಿ ಹೆಚ್ಚುಕಡಿಮೆ ಬರೋದೇ ಇಲ್ಲ. ಹಾಗಂತ ಜೀನ್‌ಗೆ ಬೆಲೆ ಇಲ್ಲ ಅಂದುಕೊಳ್ಳಬೇಡಿ. ಅದೇ ಅಧ್ಯಯನದಲ್ಲಿ ಹಲವು ಗುಣಗಳು ವಂಶದಿಂದ ಬರೋದು ಚೆನ್ನಾಗಿಯೇ ಕಂಡಿದೆ. ಒಂದೇ ತಳಿಯೊಳಗೂ ಪುಕ್ಕಲು ನಾಯಿ ಇರುತ್ತೆ, ಗಟ್ಟಿ ನಾಯಿಯೂ ಇರುತ್ತೆ, ಮರಿಗೆ ಹೋಗೋದು ಅದರ ಸ್ವಂತ ಅಪ್ಪ ಅಮ್ಮನ ಜೀನ್. ತಳಿಯ ಹೆಸರು ನೋಡಿದರೆ ಇದು ಗೊತ್ತಾಗಲ್ಲ.

ಕರಿಯನಿಗೆ ಸದ್ದು ಅಂದ್ರೆ ಜೀವ ಹೋಗುತ್ತೆ. ನಮ್ಮ ಕಡೆ ತೋಟಕ್ಕೆ ಆನೆ ಬಂದರೆ ಪಟಾಕಿ ಹೊಡೆದು ಓಡಿಸ್ತಾರೆ. ಆಗ ಗ್ಯಾಸ್ ಸಿಲಿಂಡರ್ ಹಿಂದೆ ತೂರಿಕೊಂಡು, ಜೊಲ್ಲು ಸುರಿಸುತ್ತಾ, ಹಲ್ಲು ಕಟಕಟ ಅನ್ನೋ ಹಾಗೆ ನಡುಗುತ್ತಾನೆ. ಸದ್ದಿನ ಹೆದರಿಕೆ ಸ್ವಲ್ಪ ಮಟ್ಟಿಗೆ ವಂಶದಿಂದ ಬರುತ್ತೆ. ಜೊತೆಗೆ, ಮರಿ ಲೋಕಕ್ಕೆ ಒಗ್ಗೋ ಮುಖ್ಯ ಕಾಲ ಹುಟ್ಟಿದ ಮೂರರಿಂದ ಹನ್ನೆರಡನೇ ವಾರದವರೆಗೆ. ಆ ವಾರಗಳು ಕರಿಯನಿಗೆ ಬೀದಿಯಲ್ಲೇ ಕಳೆದುಹೋದವು. ಇದರಲ್ಲಿ ಜೀನ್ ಎಷ್ಟು, ಮೋರಿ ಎಷ್ಟು ಅಂತ ಒಂದು ನಾಯಿಯಲ್ಲಿ ಬೇರ್ಪಡಿಸೋಕೆ ಆಗಲ್ಲ. ಕಲಿಸೋಕೆ ಅದು ಬೇಕಾಗಿಯೂ ಇಲ್ಲ.

ನಾನು ಮಾಡ್ತಿರೋದು ಇಷ್ಟೇ. ಪಕ್ಕದ ರೂಮಿನಲ್ಲಿ ಮೊಬೈಲ್ ಇಟ್ಟು ಪಟಾಕಿ ಸದ್ದು ಹಾಕ್ತೀನಿ, ಅವನ ಕಿವಿ ಮಾತ್ರ ಅಲ್ಲಾಡೋಷ್ಟು ಸಣ್ಣಗೆ. ಸದ್ದು ಮೊದಲು, ತಕ್ಷಣ ಒಂದು ತುಂಡು ಬೇಯಿಸಿದ ಕೋಳಿ ಲಿವರ್. ಈ ಕ್ರಮ ತಿರುಗಬಾರದು, ತಿರುಗಿದರೆ ಲಿವರ್ ಕಂಡರೇ ಹೆದರೋಕೆ ಶುರುಮಾಡ್ತಾನೆ. ತಿನ್ನಲಿಲ್ಲ ಅಂದ್ರೆ ಸದ್ದು ಜಾಸ್ತಿ ಆಯ್ತು ಅಂತ, ಕಡಿಮೆ ಮಾಡ್ತೀನಿ. ಕಟ್ಟಿಹಾಕಿ "ಅಭ್ಯಾಸ ಆಗಲಿ" ಅಂತ ಬಿಡೋದು ಕ್ರೂರ, ಅದರಿಂದ ಹೆದರಿಕೆ ಬೆಳೆಯುತ್ತೆ. ಮೈ ಸವರಿ ಸಮಾಧಾನ ಮಾಡಿದರೆ ಹೆದರಿಕೆ ಹೆಚ್ಚುತ್ತೆ ಅಂತಾರಲ್ಲ, ಅದು ಸುಳ್ಳು. ಧಾರಾಳವಾಗಿ ಸವರಿ.

ಚೆಂಡಿನ ಆಸೆ ಬಿಟ್ಟೆ. ಈಗ "ಬಾ" ಅಂದಾಗ ಬಂದರೆ ಬೇಲಿ ಬುಡ ಬೇಕಾದಷ್ಟು ಹೊತ್ತು ಮೂಸೋಕೆ ಬಿಡ್ತೀನಿ. ಬಿಸ್ಕೆಟ್‌ಗಿಂತ ಅದಕ್ಕೇ ಓಡಿ ಬರ್ತಾನೆ.

ಮೊನ್ನೆ ರಾತ್ರಿ ಮತ್ತೆ ಆನೆ ಬಂತು. ಮೊದಲ ಪಟಾಕಿಗೆ ಕರಿಯ ಎದ್ದು ನನ್ನ ಕೈ ನೋಡಿದ. ಎರಡನೆಯದಕ್ಕೆ ಸಿಲಿಂಡರ್ ಹಿಂದೆ ಹೋದ. ಅಲ್ಲಿಗೇ ಲಿವರ್ ಹಿಡಿದೆ, ನಡುಗುತ್ತಲೇ ತಿಂದ.